ಈ ಬೈನಾಕ್ಯುಲರ್‌ನಲ್ಲಿ ಎಷ್ಟು ಕಿಲೋಮೀಟರ್ ಕಾಣುತ್ತೆ?

ಪ್ರಶ್ನೆ: ಹಕ್ಕಿ ನೋಡೋಕೆ ಬೈನಾಕ್ಯುಲರ್ ತಗೋಬೇಕು. ಎಲ್ಲರೂ 8×42 ಅಂತಾರೆ. ಆದರೆ ಅದಕ್ಕಿಂತ ಕಡಿಮೆ ಬೆಲೆಗೆ 20×50 ಸಿಗುತ್ತಿದೆ. ಪವರ್ ಜಾಸ್ತಿ ಇದ್ದಷ್ಟೂ ದೂರದ್ದು ಕಾಣುತ್ತೆ ಅಲ್ವಾ? ಇದರಲ್ಲಿ ಎಷ್ಟು ಕಿಲೋಮೀಟರ್ ಕಾಣಬಹುದು?

ಉತ್ತರ: 8×42 ತಗೊಳ್ಳಿ. ಬಯಲಲ್ಲಿ, ಕೆರೆ ದಂಡೆಯಲ್ಲೇ ಹೆಚ್ಚು ನೋಡುವವರು, ಕೈಯೂ ಗಟ್ಟಿ ಅನ್ನುವುದಾದರೆ 10×42 ಕೂಡ ಆಗುತ್ತದೆ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೊಬ್ಬರು ಬಂದು ‘ಎಷ್ಟು ಕಿಲೋಮೀಟರ್’ ಅಂತಲೇ ಕೇಳುತ್ತಾರೆ. ಹಾಗಾಗಿ ಈ ಸಲ ಆ ಕಿಲೋಮೀಟರ್ ಲೆಕ್ಕವನ್ನೇ ಬುಡಸಮೇತ ಕಿತ್ತುಹಾಕೋಣ.

ಬರಿಗಣ್ಣಿಗೆ ಚಂದ್ರ ಕಾಣುತ್ತಾನೆ. ಅವನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಹಾಗಿರುವಾಗ ‘ಇದು ಇಷ್ಟು ಕಿಲೋಮೀಟರಿನ ಬೈನಾಕ್ಯುಲರ್’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ನೋಡುವ ವಸ್ತು ಎಷ್ಟು ದೊಡ್ಡದು, ಬೆಳಕು ಎಷ್ಟಿದೆ, ನಡುವಿನ ಗಾಳಿ ಎಷ್ಟು ತಿಳಿಯಾಗಿದೆ, ಇವೆಲ್ಲ ಸೇರಿ ತೀರ್ಮಾನವಾಗುವ ವಿಷಯ ಅದು.

ಹಾಗಾದರೆ ಆ 8 ಅಂದರೇನು? 40 ಮೀಟರ್ ಆಚೆ ಕೂತ ಮಿಂಚುಳ್ಳಿ 5 ಮೀಟರ್ ಹತ್ತಿರ ಬಂದು ಕೂತಂತೆ. 20 ಪಟ್ಟಿನದರಲ್ಲಿ 2 ಮೀಟರ್. ‘ಮತ್ತೆ ಅದೇ ಒಳ್ಳೇದಲ್ವಾ?’ ಅಂತೀರಿ. ಹಕ್ಕಿಯ ಜೊತೆ ನಿಮ್ಮ ಕೈ ನಡುಕವೂ 20 ಪಟ್ಟಾಗುತ್ತದೆ. ಉಸಿರು ಎಳೆದುಕೊಂಡರೂ ಚಿತ್ರ ಜಿಗಿಯುತ್ತದೆ. ಕೊಕ್ಕಿನ ಬಣ್ಣ ನೋಡಬೇಕಾದ ಕಡೆ ಒಂದು ನೀಲಿ ಗೀಟು ಕುಣಿಯುತ್ತಿರುತ್ತದೆ, ಅಷ್ಟೇ. ಇನ್ನು ಕಾಣುವ ಅಗಲ. 8×42 ಹಿಡಿದರೆ 1000 ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ಜಾಗ ಕಾಣುತ್ತದೆ. 20×50ರಲ್ಲಿ ಅದರ ಅರ್ಧವೂ ಸಿಕ್ಕುವುದು ಕಷ್ಟ. ಕೊಂಬೆ ಹುಡುಕುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಬೈನಾಕ್ಯುಲರನ್ನು ಕೈಯಳತೆ ದೂರದಲ್ಲಿ, ಬೆಳಕಿರುವ ಗೋಡೆಯ ಕಡೆ ಹಿಡಿಯಿರಿ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ. ಕಣ್ಣಿಡುವ ಗಾಜಿನೊಳಗೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ನಿಮ್ಮ ಕಣ್ಣಿಗೆ ಬರುವ ಬೆಳಕೆಲ್ಲ ಅದರ ಮೂಲಕವೇ ಬರಬೇಕು. ಅದರ ಅಳತೆ ಸುಲಭ. 8×42ರಲ್ಲಿ 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಆ 42ನ್ನು 8ರಿಂದ ಭಾಗಿಸಿ, 5.25 ಮಿಲಿಮೀಟರ್. 50ನ್ನು 20ರಿಂದ ಭಾಗಿಸಿ, ಬರೀ 2.5. ನಡು ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ 2-3 ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ವ್ಯತ್ಯಾಸ ಗೊತ್ತಾಗದು. ನಸುಕಿನಲ್ಲಿ ಪಾಪೆ ಹಿಗ್ಗುತ್ತದೆ. ಹಕ್ಕಿಗಳು ಚುರುಕಾಗಿರುವುದೂ ಆಗಲೇ. ಆ ಹೊತ್ತಿಗೆ 20×50 ಮಂಕು.

20 ಪಟ್ಟು ಬೇಕೇ ಬೇಕು ಅಂದರೆ ಟ್ರೈಪಾಡ್ ಮೇಲೆ ಇಡಿ. ಆಗ ಅದೂ ಒಳ್ಳೆಯ ಸಾಧನವೇ. ಕೈ ಅಲುಗದಿದ್ದರೆ 10×42 ಏನು ಮಾಡಬಲ್ಲದು ನೋಡಿ: 1610ರಲ್ಲಿ ಗೆಲಿಲಿಯೋ ಕಂಡ ಗುರುಗ್ರಹದ ಚಂದ್ರರು ಅದರಲ್ಲಿ ಸಣ್ಣ ಚುಕ್ಕಿಗಳಾಗಿ ಕಾಣುತ್ತವೆ. ಗುರು ತೀರಾ ಹತ್ತಿರ ಬಂದಾಗಲೂ ಸುಮಾರು 60 ಕೋಟಿ ಕಿಲೋಮೀಟರ್ ದೂರ. ಮೊಣಕೈ ಗೋಡೆಗೊತ್ತಿ ಹಿಡಿದರೆ ಚುಕ್ಕಿಗಳಿವೆ, ಗೋಡೆ ಬಿಟ್ಟರೆ ಮಾಯ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ‘ಚಿತ್ರ ಸ್ಪಷ್ಟ ಇಲ್ಲ, ತಲೆನೋವು ಬರುತ್ತೆ’ ಅಂತ ಬೈನಾಕ್ಯುಲರನ್ನು ಮೂಲೆಗೆ ಹಾಕಿದವರಲ್ಲಿ ಎಷ್ಟೋ ಜನ ಬಲಗಣ್ಣಿನ ಉಂಗುರವನ್ನು, ಅಂದರೆ ಬಲಗಣ್ಣಿಡುವ ಗಾಜಿನ ಸುತ್ತ ತಿರುಗುವ ಬಳೆಯನ್ನು, ಮುಟ್ಟಿಯೇ ಇರುವುದಿಲ್ಲ. ನಮ್ಮ ಎರಡೂ ಕಣ್ಣು ಒಂದೇ ಸಮ ಇರುವುದಿಲ್ಲ, ಆ ವ್ಯತ್ಯಾಸ ಸರಿದೂಗಿಸಲೆಂದೇ ಅದು ಇರುವುದು. ಬಲಗಡೆಯ ಮುಂದಿನ ಗಾಜಿಗೆ ಅಂಗೈ ಮುಚ್ಚಿ. ಎರಡೂ ಕಣ್ಣು ತೆರೆದೇ ಇರಲಿ. ದೂರದ ಬೋರ್ಡೊಂದರ ಅಕ್ಷರ ಎಡಗಣ್ಣಿಗೆ ಚೂಪಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಬಲಗಣ್ಣಿನ ಉಂಗುರ ತಿರುಗಿಸಿ ಅದೇ ಅಕ್ಷರ ಚೂಪು ಮಾಡಿ. ಕೆಲವು ಮಾದರಿಗಳಲ್ಲಿ ಉಂಗುರ ಬೇರೆ ಕಡೆ ಇರುತ್ತದೆ, ಕೈಪಿಡಿ ನೋಡಿಕೊಳ್ಳಿ. ಉಂಗುರ ಎಲ್ಲಿ ನಿಂತಿತೋ ಆ ಗುರುತು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಬೇರೆಯವರು ತೆಗೆದುಕೊಂಡು ಹೋಗಿ ತಿರುಗಿಸಿದರೂ ವಾಪಸ್ ಅಲ್ಲಿಗೇ ತಂದರೆ ಸಾಕು.