ಹಿರಿಯರ ಹಿಂದೆ ನೆರಳಾಗಿ: ವಿದ್ಯುತ್ ಪ್ರಸರಣದ ಕೆಲಸ ನೋಡಿ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಪ್ರಸರಣದ ಕೆಲಸಕ್ಕೆ ಹೊಸದಾಗಿ ಸೇರಿದ ಪದವೀಧರರನ್ನು ಸಾಮಾನ್ಯವಾಗಿ ಒಬ್ಬ ಹಿರಿಯ ಎಂಜಿನಿಯರ್ ಜೊತೆ ಬಿಡುತ್ತಾರೆ. ಅವರೇ ನಮ್ಮ ಮೆಂಟರ್. ಅವರು ಹೋದಲ್ಲೆಲ್ಲ ನಾವು ಹೋಗಬೇಕು. ಏನನ್ನೂ ಮುಟ್ಟುವ ಹಾಗಿಲ್ಲ. ನೋಡಬೇಕು, ಕೇಳಿಸಿಕೊಳ್ಳಬೇಕು, ಬರೆದುಕೊಳ್ಳಬೇಕು.

ಸುಲಭದ ಕೆಲಸ ಅನಿಸುತ್ತೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ನನ್ನ ಮೊದಲ ವಾರದ ನೋಟ್‌ಬುಕ್‌ನಲ್ಲಿ ಇದ್ದದ್ದು ಇಂಥ ಸಾಲುಗಳು: 'ಬ್ರೇಕರ್ ಓಪನ್ ಮಾಡಿದರು. ಐಸೋಲೇಟರ್ ಓಪನ್ ಮಾಡಿದರು. ಅರ್ಥಿಂಗ್ ಹಾಕಿದರು.' ಬ್ರೇಕರ್ ಅಂದರೆ ಲೋಡ್ ಇರುವಾಗಲೂ ಕರೆಂಟ್ ಕಡಿಯಬಲ್ಲ ಸ್ವಿಚ್, ಐಸೋಲೇಟರ್ ಅಂದರೆ ಆಮೇಲೆ ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಸ್ವಿಚ್, ಅರ್ಥಿಂಗ್ ಅಂದರೆ ಲೈನನ್ನು ನೆಲಕ್ಕೆ ಜೋಡಿಸುವುದು. ಇಷ್ಟನ್ನು ಪುಸ್ತಕದಲ್ಲೇ ಓದಬಹುದಿತ್ತು. ಅವರ ಕೈ ಏನು ಮಾಡಿತು ಅಂತ ಬರೆದಿದ್ದೆ. ಕೈ ಹೋಗುವ ಮೊದಲು ಕಣ್ಣು ಎಲ್ಲೆಲ್ಲಿ ಹೋಯಿತು ಅಂತ ಬರೆದಿರಲಿಲ್ಲ. ಒಂದು ಬ್ರೇಕರ್ ತೆರೆಯಲು ಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಅದಕ್ಕೆ ಮುಂಚಿನ ತಯಾರಿಗೆ ಒಂದು ಗಂಟೆ ಬೇಕಾಗಬಹುದು. ಆ ಗಂಟೆಯನ್ನು ನೋಡುವುದು ಹೇಗೆ ಅಂತ ಹೇಳುವುದಕ್ಕೇ ಈ ಟಿಪ್ಪಣಿ.

ಯಾರ್ಡ್‌ನಲ್ಲಿ ಒಂದು ಸುತ್ತು

ಸ್ವಿಚ್‌ಯಾರ್ಡ್‌ಗೆ, ಅಂದರೆ ಸಬ್‌ಸ್ಟೇಷನ್‌ನ ಉಪಕರಣಗಳಿರುವ ಬಯಲಿಗೆ, ಕಾಲಿಟ್ಟ ಕೂಡಲೇ ಕಾಲ ಕೆಳಗೆ ಜಲ್ಲಿ ಸಿಗುತ್ತದೆ. ಹುಲ್ಲು ಬೆಳೆಯದಿರಲಿ ಅಂತ ಸುಮ್ನೆ ಹಾಕಿದ್ದಾರೆ ಅಂದುಕೊಳ್ಳಬೇಡಿ. ಎಲ್ಲೋ ನೆಲಕ್ಕೆ ಫಾಲ್ಟ್ ಆದಾಗ, ಅಂದರೆ ಕರೆಂಟ್ ದಾರಿ ತಪ್ಪಿ ನೆಲಕ್ಕೆ ಇಳಿದಾಗ, ಭೂಮಿಯೊಳಗೆ ದೊಡ್ಡ ಕರೆಂಟ್ ಹರಿಯುತ್ತದೆ. ಆಗ ಒಂದು ಹೆಜ್ಜೆ ದೂರದಲ್ಲಿರುವ ಎರಡು ಜಾಗಗಳ ನಡುವೆಯೇ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಅಲ್ಲಿ ಇದ್ದರೆ ಕರೆಂಟ್ ದೇಹದ ಮೂಲಕ ಹರಿಯಬಹುದು. ಜಲ್ಲಿಯ ಪದರ ಮಣ್ಣಿಗಿಂತ ತುಂಬಾ ಜಾಸ್ತಿ ರೆಸಿಸ್ಟೆನ್ಸ್ ಕೊಡುತ್ತದೆ, ಹಾಗಾಗಿ ಆ ಕರೆಂಟ್ ಕಡಿಮೆಯಾಗುತ್ತದೆ. ಜಲ್ಲಿಯಲ್ಲಿ ಮಣ್ಣು ಸೇರಿದ ಜಾಗ ಕಂಡರೆ ಮೆಂಟರ್ ಅಲ್ಲಿ ನಿಂತು ಏನೋ ಬರೆದುಕೊಳ್ಳುತ್ತಾರೆ. ಅದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಟ್ರಾನ್ಸ್‌ಫಾರ್ಮರ್ ಹತ್ತಿರ ಅವರು ಮೊದಲು ನಿಂತು ಕೇಳುತ್ತಾರೆ. ಆ ಗುಂಯ್ ಅನ್ನುವ ಸದ್ದು ಸಪ್ಲೈ ಫ್ರೀಕ್ವೆನ್ಸಿಯ ಎರಡು ಪಟ್ಟು ಇರುತ್ತದೆ: 50 ಹರ್ಟ್ಸ್ ಇರುವ ಕಡೆ 100, 60 ಇರುವ ಕಡೆ 120. ಕೋರ್‌ನ ಉಕ್ಕು ಪ್ರತಿ ಅರ್ಧ ಸೈಕಲ್‌ಗೂ ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬರುವ ಸದ್ದು ಅದು. ದಿನಾ ಕೇಳಿದ ಕಿವಿಗೆ ಬದಲಾವಣೆ ಬೇಗ ತಿಳಿಯುತ್ತದೆ. ಆಮೇಲೆ ಆಯಿಲ್ ಮಟ್ಟ, ಆಯಿಲ್ ಮತ್ತು ವೈಂಡಿಂಗ್ ತಾಪಮಾನ ನೋಡುತ್ತಾರೆ. ಬ್ರೀದರ್‌ನ (ಟ್ರಾನ್ಸ್‌ಫಾರ್ಮರ್ ಒಳಗೆ ಹೋಗುವ ಗಾಳಿಯ ತೇವ ತೆಗೆಯುವ ಡಬ್ಬಿಯ) ಸಿಲಿಕಾ ಜೆಲ್ ನೀಲಿ ಇದ್ದದ್ದು ಗುಲಾಬಿಯಾಗಿದ್ದರೆ ತೇವ ಹೀರಿಕೊಂಡಿದೆ ಅಂತ ಅರ್ಥ. ಕೆಲವು ಕಡೆ ಕಿತ್ತಳೆ ಬಣ್ಣದ ಜೆಲ್ ಇರುತ್ತದೆ, ಅದು ಹಸಿರಾಗುತ್ತದೆ.

ಇಲ್ಲಿ ಒಂದು ಸಣ್ಣ ಸಲಹೆ. ಅಂಕಿ ಬರೆಯುವಾಗ ನಿನ್ನೆಯ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಆಯಿಲ್ 62 ಡಿಗ್ರಿ ಇದೆ ಅನ್ನುವುದೊಂದರಿಂದಲೇ ಏನೂ ಹೇಳಲಾಗದು. ಅದೇ ಲೋಡ್, ಅದೇ ಹವೆ ಇದ್ದಾಗ ನಿನ್ನೆ 55 ಇತ್ತು ಅಂದರೆ ಮೆಂಟರ್ ಹೋಗಿ ಫ್ಯಾನ್ ತಿರುಗುತ್ತಿದೆಯೇ ಅಂತ ನೋಡುತ್ತಾರೆ.

ಸ್ವಿಚಿಂಗ್: ಮಾತಾಡದೆ ನೋಡಬೇಕಾದ ಹೊತ್ತು

ಒಂದು ಲೈನನ್ನು ರಿಪೇರಿಗೆ ಬಿಡಿಸಿಕೊಡುವ ಕ್ರಮ ನಮಗೆಲ್ಲ ಗೊತ್ತು. ಮೊದಲು ಬ್ರೇಕರ್, ಆಮೇಲೆ ಅದರ ಎರಡೂ ಕಡೆಯ ಐಸೋಲೇಟರ್‌ಗಳು, ಆಮೇಲೆ ವೋಲ್ಟೇಜ್ ಇಲ್ಲ ಅಂತ ಪರೀಕ್ಷೆ, ಆಮೇಲೆ ಅರ್ಥಿಂಗ್. ಚಾರ್ಜ್ ಮಾಡುವಾಗ, ಅಂದರೆ ಲೈನ್‌ಗೆ ಮತ್ತೆ ಕರೆಂಟ್ ಕೊಡುವಾಗ, ಉಲ್ಟಾ. ಐಸೋಲೇಟರ್‌ಗೆ ಆರ್ಕ್ ಆರಿಸುವ ಶಕ್ತಿ ಇಲ್ಲ. ಲೋಡ್ ಇರುವಾಗ ಅದನ್ನು ತೆರೆದರೆ ಗಾಳಿಯಲ್ಲೇ ಬೆಂಕಿಯ ಸೇತುವೆ ಕಟ್ಟಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ.

ಯಾರ್ಡ್‌ನಲ್ಲಿ ಇನ್ನೂ ಸ್ವಲ್ಪ ಬೇಕು. ಬ್ರೇಕರ್ ಓಪನ್ ಆದ ಮೇಲೂ ಮೆಂಟರ್ ಪ್ಯಾನೆಲ್‌ನ ದೀಪ ನೋಡಿ ಸುಮ್ಮನಾಗುವುದಿಲ್ಲ. ಮೂರೂ ಫೇಸ್‌ನ ಆಮ್‌ಮೀಟರ್ ಸೊನ್ನೆಗೆ ಬಂದಿದೆಯೇ ಅಂತ ನೋಡುತ್ತಾರೆ. ಯಾರ್ಡ್‌ಗೆ ಹೋಗಿ ಬ್ರೇಕರ್‌ನ ಮೇಲಿರುವ ಗುರುತನ್ನೂ ನೋಡುತ್ತಾರೆ. ಐಸೋಲೇಟರ್‌ನ ಮೂರು ಬ್ಲೇಡ್‌ಗಳನ್ನು ಒಂದೊಂದಾಗಿ ಕಣ್ಣಲ್ಲಿ ಎಣಿಸುತ್ತಾರೆ. ಯಾಕೆಂದರೆ ದೀಪ ಹೇಳುವುದು ಒಂದು ಸಣ್ಣ ಕಾಂಟ್ಯಾಕ್ಟ್‌ನ ಸ್ಥಿತಿಯನ್ನು. ರಾಡ್ ಕಳಚಿಕೊಂಡಿದ್ದರೆ ದೀಪ 'ಓಪನ್' ಅನ್ನುತ್ತಿರುವಾಗಲೇ ಒಂದು ಬ್ಲೇಡ್ ಮುಚ್ಚಿಕೊಂಡೇ ಇರಬಹುದು. ನನ್ನ ನೋಟ್‌ಬುಕ್‌ನಲ್ಲಿ ಈ ಜಾಗಕ್ಕೆ ಎರಡು ಗೆರೆ ಎಳೆದಿದ್ದೇನೆ.

ಅರ್ಥಿಂಗ್ ವಿಷಯದಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಎರಡೂ ತುದಿ ಬಿಡಿಸಿದ ಲೈನ್ 'ಸತ್ತಿದೆ' ಅಂತ ಹೇಳುವುದು ರೂಢಿ. ಆದರೆ ಪಕ್ಕದಲ್ಲೇ ಇನ್ನೊಂದು ಲೈನ್ ಓಡುತ್ತಿದ್ದರೆ ಇಂಡಕ್ಷನ್‌ನಿಂದ ಇದರ ಮೇಲೂ ವೋಲ್ಟೇಜ್ ಕೂರುತ್ತದೆ, ಪ್ರಾಣ ತೆಗೆಯುವಷ್ಟು. ಅದಕ್ಕೇ ಕೈಯಲ್ಲಿ ಒಯ್ಯುವ ಅರ್ಥಿಂಗ್ ವೈರ್ ಹಾಕುವಾಗ ಮೊದಲು ನೆಲದ ತುದಿ ಕಟ್ಟುತ್ತಾರೆ, ಆಮೇಲೆ ಉದ್ದನೆಯ ಕೋಲಿನಿಂದ ತಂತಿಗೆ ಸಿಕ್ಕಿಸುತ್ತಾರೆ. ತೆಗೆಯುವಾಗ ತಂತಿಯ ಕಡೆ ಮೊದಲು. ಈ ಕ್ರಮ ತಪ್ಪಿದರೆ ಕೈಯಲ್ಲಿರುವ ವೈರೇ ಲೈವ್ ಆಗುತ್ತದೆ. ಲೈನ್‌ನ ಎರಡೂ ತುದಿಯಲ್ಲಿ ಅರ್ಥ್ ಸ್ವಿಚ್ ಹಾಕಿದ್ದರೂ ಕೆಲಸ ಮಾಡುವ ಜಾಗದಲ್ಲಿ ಮತ್ತೆ ಯಾಕೆ ಅರ್ಥಿಂಗ್ ಅಂತ ಒಮ್ಮೆ ಕೇಳಿದ್ದೆ. 'ಆ ತುದಿಗಳು ಎಷ್ಟೋ ಕಿಲೋಮೀಟರ್ ದೂರ. ಹುಡುಗರು ಇರುವುದು ಇಲ್ಲಿ' ಅಂದರು.

ಇದೆಲ್ಲ ನಡೆಯುವಾಗ ಪ್ರಶ್ನೆ ಕೇಳಬಾರದು. ಸ್ವಿಚಿಂಗ್ ಮಧ್ಯೆ ಗಮನ ಕದಲಿದರೆ ಒಂದು ಹೆಜ್ಜೆ ಬಿಟ್ಟುಹೋಗುತ್ತದೆ. ಪ್ರಶ್ನೆಯನ್ನು ಬರೆದಿಟ್ಟುಕೊಂಡು ಪರ್ಮಿಟ್ (ರಿಪೇರಿ ಶುರುಮಾಡಲು ಕೊಡುವ ಲಿಖಿತ ಅನುಮತಿ) ಕೊಟ್ಟಾದ ಮೇಲೆ ಕೇಳಿ. ಇದಕ್ಕೆ ಹೊರತಾದದ್ದು ಒಂದೇ. ಏನೋ ತಪ್ಪಾಗುತ್ತಿದೆ ಅಂತ ಅನಿಸಿದರೆ, ಖಾತ್ರಿ ಇಲ್ಲದಿದ್ದರೂ ಸರಿ, 'ಸರ್, ಒಂದು ನಿಮಿಷ ನಿಲ್ಲಿ' ಅಂತ ಜೋರಾಗಿ ಹೇಳಿ. ಒಳ್ಳೆಯ ಮೆಂಟರ್ ಇದನ್ನು ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ.

ಪ್ರೊಟೆಕ್ಷನ್‌ನವರ ಜೊತೆ

ರಿಲೇ ಅಂದರೆ ಫಾಲ್ಟ್ ಗುರುತಿಸಿ ಬ್ರೇಕರ್ ತೆರೆಸುವ ಸಾಧನ. ಅದರ ಪರೀಕ್ಷೆ ಮಾಡುವವರು ಮೊದಲು ಸಿಟಿಯ (ಲೈನ್‌ನ ದೊಡ್ಡ ಕರೆಂಟನ್ನು ಅಳೆಯಲು ಚಿಕ್ಕದಾಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯನ್ನು ಶಾರ್ಟ್ ಮಾಡಿ, ಆಮೇಲೆ ರಿಲೇ ಬಿಡಿಸುತ್ತಾರೆ. ಸೆಕೆಂಡರಿ ಓಪನ್ ಆದರೆ ಪ್ರೈಮರಿಯ ಕರೆಂಟ್ ಪೂರ್ತಿ ಕೋರ್ ಅನ್ನು ಮ್ಯಾಗ್ನೆಟೈಸ್ ಮಾಡಲು ಹೋಗುತ್ತದೆ, ತೆರೆದ ತುದಿಗಳಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ವೋಲ್ಟೇಜ್ ಅಳೆಯುವ ಪಿಟಿಯಲ್ಲಿ (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ಇದರ ಉಲ್ಟಾ, ಶಾರ್ಟ್ ಮಾಡಲೇಬಾರದು.

ಟ್ರಿಪ್ ಆದ (ರಿಲೇ ಹೇಳಿ ಬ್ರೇಕರ್ ತಾನಾಗಿ ತೆರೆದುಕೊಂಡ) ದಿನ ಅವರ ಪಕ್ಕದಲ್ಲಿ ಇರುವುದು ನಮ್ಮ ಅದೃಷ್ಟ. ಲೈನ್ ಟ್ರಿಪ್ ಆದಾಗ ಅವರ ಮೊದಲ ಪ್ರಶ್ನೆ 'ಯಾವ ಜೋನ್?'. ಡಿಸ್ಟೆನ್ಸ್ ರಿಲೇ ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡುತ್ತದೆ; ಅದು ಕಾಯುವ ದೂರದ ಭಾಗಗಳೇ ಜೋನ್‌ಗಳು. ಅದರ ಮೊದಲ ಜೋನ್ ಅನ್ನು ಲೈನ್‌ನ ಸುಮಾರು 80 ಶೇಕಡಾಕ್ಕೆ ಮಾತ್ರ ಇಡುತ್ತಾರೆ. ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಪಕ್ಕದ ಲೈನ್‌ನ ಫಾಲ್ಟ್‌ಗೆ ಇದು ಟ್ರಿಪ್ ಆಗಬಾರದು, ಅದಕ್ಕೆ. ಉಳಿದ ಭಾಗವನ್ನು ಎರಡನೇ ಜೋನ್ ಸ್ವಲ್ಪ ತಡವಾಗಿ ನೋಡಿಕೊಳ್ಳುತ್ತದೆ. ರಿಲೇ ತೋರಿಸುವ ಕಿಲೋಮೀಟರ್ ನೋಡಿ ಲೈನ್ ಗ್ಯಾಂಗ್ ಯಾವ ಟವರ್ ಕಡೆ ಹೋಗಬೇಕು ಅಂತ ತೀರ್ಮಾನಿಸುತ್ತಾರೆ.

ಮುಂದಿನ ಪ್ರಶ್ನೆ ಇನ್ನೂ ಮುಖ್ಯ: ಮತ್ತೆ ಚಾರ್ಜ್ ಮಾಡಿ ನೋಡಬಹುದೇ? ತೆರೆದ ಲೈನ್‌ನಲ್ಲಿ ಬರುವ ಫಾಲ್ಟ್‌ಗಳಲ್ಲಿ ಹೆಚ್ಚಿನವು ಸಿಡಿಲು, ಹಕ್ಕಿಗಳಂಥವುಗಳಿಂದ ಬಂದು ತಾವೇ ಹೋಗುವಂಥವು. ಆದ್ದರಿಂದ ಬ್ರೇಕರ್ ತಾನಾಗಿ ಮತ್ತೆ ಮುಚ್ಚಿಕೊಳ್ಳುವ ಆಟೋ ರೀಕ್ಲೋಸ್ ಇಟ್ಟಿರುತ್ತಾರೆ. ಆದರೆ ಟ್ರಾನ್ಸ್‌ಫಾರ್ಮರ್ ಬುಕೋಲ್ಜ್ (ಆಯಿಲ್‌ನಲ್ಲಿ ಹುಟ್ಟುವ ಗ್ಯಾಸ್ ಗುರುತಿಸುವ ರಿಲೇ) ಅಥವಾ ಡಿಫರೆನ್ಷಿಯಲ್‌ನಿಂದ (ಒಳಹೋಗುವ, ಹೊರಬರುವ ಕರೆಂಟ್ ಹೋಲಿಸುವ ರಿಲೇ) ಟ್ರಿಪ್ ಆಗಿದ್ದರೆ ಕಾರಣ ಪತ್ತೆಯಾಗುವವರೆಗೆ ಚಾರ್ಜ್ ಮಾಡುವ ಮಾತೇ ಇಲ್ಲ. ಒಳಗಿನ ಫಾಲ್ಟ್ ತಾನಾಗಿ ಹೋಗುವುದಿಲ್ಲ. ಆಯಿಲ್ ತೆಗೆದು ಅದರಲ್ಲಿ ಕರಗಿರುವ ಗ್ಯಾಸ್ ಪರೀಕ್ಷೆ ಮಾಡಿಸುತ್ತಾರೆ. ಅಸಿಟಿಲೀನ್ ಕಂಡರೆ ಒಳಗೆ ಆರ್ಕ್ ಆಗಿದೆ ಅನ್ನುವ ಅನುಮಾನ ಬಲವಾಗುತ್ತದೆ. ಗ್ರಾಹಕರಿಗೆ ಕರೆಂಟ್ ಇಲ್ಲ, ಫೋನ್ ಮೇಲೆ ಫೋನ್ ಬರುತ್ತಿದೆ. ಅಂಥ ಒತ್ತಡದಲ್ಲೂ 'ಇಲ್ಲ, ಈಗ ಚಾರ್ಜ್ ಮಾಡಲ್ಲ' ಅಂತ ಮೆಂಟರ್ ಹೇಳುವುದನ್ನು ಕೇಳಿದರೆ ಈ ಕೆಲಸದ ಮೇಲೆ ಗೌರವ ಬರುತ್ತದೆ.

ಕಂಟ್ರೋಲ್ ರೂಮ್

ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಫೋನ್ ಮಾತಿನ ಶೈಲಿ. ಒಬ್ಬರು ಆದೇಶ ಹೇಳುತ್ತಾರೆ. ಕೇಳಿದವರು ಅದನ್ನೇ ಪೂರ್ತಿ ತಿರುಗಿ ಹೇಳುತ್ತಾರೆ. ಮೊದಲಿನವರು 'ಸರಿ' ಅಂದ ಮೇಲೇ ಕೆಲಸ. ನಂಬರ್‌ಗಳನ್ನು ಒಂದೊಂದೇ ಅಂಕಿಯಾಗಿ ಹೇಳುತ್ತಾರೆ.

ರಾತ್ರಿ ಪಾಳಿಯಲ್ಲಿ ಒಮ್ಮೆಯಾದರೂ ಕೂತು ನೋಡಿ. ಏನೂ ಕೆಟ್ಟಿಲ್ಲದ ಲೈನನ್ನು ಅವರೇ ಬೇಕಂತ ಓಪನ್ ಮಾಡುವುದು ಕಾಣಬಹುದು. ಉದ್ದ ಲೈನ್ ಒಂದು ಕೆಪಾಸಿಟರ್ ಇದ್ದಂತೆ. ಲೋಡ್ ಕಡಿಮೆಯಾದಾಗ ಅದರ ದೂರದ ತುದಿಯ ವೋಲ್ಟೇಜ್ ಈ ತುದಿಗಿಂತ ಜಾಸ್ತಿಯಾಗುತ್ತದೆ. ಇದೇ ಫೆರಾಂಟಿ ಎಫೆಕ್ಟ್. ಮೊದಲು ಆ ವೋಲ್ಟೇಜ್ ಇಳಿಸುವ ದೊಡ್ಡ ಸುರುಳಿಗಳಾದ ರಿಯಾಕ್ಟರ್‌ಗಳನ್ನು ಸೇರಿಸುತ್ತಾರೆ. ಅದೂ ಸಾಲದಿದ್ದರೆ ಕಡಿಮೆ ಲೋಡ್ ಇರುವ ಲೈನ್ ತೆಗೆಯುತ್ತಾರೆ. ಪುಸ್ತಕದ ಆ ಪುಟ ನನಗೆ ನಿಜವಾಗಿ ಅರ್ಥವಾದದ್ದು ವೋಲ್ಟೇಜ್ ಅಂಕಿ ಮೇಲೇರುವುದನ್ನು ಕಣ್ಣಾರೆ ನೋಡಿದ ರಾತ್ರಿ.

ಮೆಂಟರ್‌ಗಳು ಸ್ಕ್ರೀನ್ ಶಾಂತವಾಗಿದ್ದರೂ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ, ಹೊರಗಿನಿಂದ ಬಂದ ಪ್ರತಿ ಫೋನನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇದಕ್ಕೆ ಕಾರಣ ಬೇಕಿದ್ದರೆ 2003ರ ಆಗಸ್ಟ್ 14 ನೋಡಿ. ಅಮೆರಿಕದ ಒಹಾಯೊದಲ್ಲಿ ಒಂದು ಕಂಟ್ರೋಲ್ ರೂಮಿನ ಅಲಾರ್ಮ್ ವ್ಯವಸ್ಥೆ ಮಧ್ಯಾಹ್ನ ನಿಂತುಹೋಯಿತು. ಅದು ನಿಂತದ್ದೇ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ 345 ಕೆವಿ ಲೈನ್‌ಗಳು ಜೋತುಬಿದ್ದು ಮರಗಳಿಗೆ ತಗುಲಿ ಒಂದೊಂದಾಗಿ ಟ್ರಿಪ್ ಆಗುತ್ತಿದ್ದವು. ಹೊರಗಿನಿಂದ ಫೋನ್‌ಗಳು ಬಂದವು, ಆದರೆ ಸ್ಕ್ರೀನ್‌ನಲ್ಲಿ ಅಲಾರ್ಮ್ ಇರಲಿಲ್ಲ. ಸಂಜೆಯ ಹೊತ್ತಿಗೆ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ನಿಮ್ಮ ಪಾಳಿಯಿದ್ದರೆ ಮೆಂಟರ್ ಅವರನ್ನು ಕೇಳಿ: 'ಅಲಾರ್ಮ್ ಕೆಲಸ ಮಾಡ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?'

ನೋಟ್‌ಬುಕ್ ಬಗ್ಗೆ

ಈಗ ನಾನು ಪುಟವನ್ನು ಎರಡು ಭಾಗ ಮಾಡಿಕೊಂಡಿದ್ದೇನೆ. ಎಡಗಡೆ ಅವರು ಮಾಡಿದ್ದು. ಬಲಗಡೆ ಅದಕ್ಕೆ ಮೊದಲು ಅವರು ನೋಡಿದ್ದು, ಕಾದದ್ದು, ಬೇಡ ಅಂದದ್ದು. ಬಲಗಡೆ ಖಾಲಿ ಉಳಿದ ಸಾಲುಗಳೇ ಸಂಜೆ ಕೇಳಬೇಕಾದ ಪ್ರಶ್ನೆಗಳು. 'ಅದು ಏನು' ಅಂತ ಕೇಳಿದರೆ ಹೆಸರು ಸಿಗುತ್ತದೆ. 'ಅಲ್ಲಿ ಯಾಕೆ ನಿಂತಿರಿ' ಅಂತ ಕೇಳಿದರೆ ಅವರ ಹಳೆಯ ಅನುಭವ ಹೊರಗೆ ಬರುತ್ತದೆ.

ಕೆಲವು ವಾರ ಕಳೆದ ಮೇಲೆ ನೀವೇ ಒಂದು ಮಾತು ಕೇಳಿ ನೋಡಿ: 'ಸರ್, ನಾಳೆಯ ಸ್ವಿಚಿಂಗ್ ಕ್ರಮ ನಾನು ಬರೆದು ತೋರಿಸಲಾ?' ನಾನು ಬರೆದ ಮೊದಲ ಕ್ರಮದಲ್ಲಿ 18 ಹೆಜ್ಜೆಗಳಿದ್ದವು. ಮೆಂಟರ್ ಹಸಿರು ಪೆನ್ ತೆಗೆದು ನಡುವೆ 5 ಸಾಲು ಸೇರಿಸಿದರು. ಐದೂ ಸಾಲುಗಳು ಒಂದೇ ಪದದಿಂದ ಶುರುವಾಗಿದ್ದವು: 'ನೋಡಿ'.