ಕೊಲ್ಲದ ವಿಷ

ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಸ್ತನ ಕ್ಯಾನ್ಸರಿನ ಕೋಶಗಳನ್ನು ಸಾಕುತ್ತಿದ್ದರು. ಇವು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಸಿಕ್ಕರೆ ಮಾತ್ರ ಜೋರಾಗಿ ಹೆಚ್ಚುವ ಜಾತಿ. ಅದಕ್ಕೇ ಅವಕ್ಕೆ ಆಹಾರವಾಗಿ ಹಾಕುವ ರಕ್ತದ ಸೀರಮ್‌ನಲ್ಲಿದ್ದ ಹಾರ್ಮೋನನ್ನು ಇದ್ದಿಲಿನಿಂದ ಹೀರಿಸಿ ತೆಗೆದಿದ್ದರು. 1980ರ ದಶಕದ ಕೊನೆಯಲ್ಲಿ ಲೆಕ್ಕ ತಪ್ಪಿತು. ಈಸ್ಟ್ರೋಜನ್ ಹಾಕದ ತಟ್ಟೆಗಳಲ್ಲೂ ಕೋಶಗಳು ತುಂಬಿಕೊಂಡವು!

ಒಂದೊಂದೇ ವಸ್ತುವನ್ನು ಬದಲಿಸಿ ನೋಡುತ್ತಾ ಹೋದರು. ಕೊನೆಗೆ ಸಿಕ್ಕಿಬಿದ್ದದ್ದು ಸೀರಮ್ ಇಡುವ ಪ್ಲಾಸ್ಟಿಕ್ ಟ್ಯೂಬು. ತಯಾರಕರು ಪ್ಲಾಸ್ಟಿಕ್ಕಿನ ಮಿಶ್ರಣ ಬದಲಿಸಿದ್ದರು. ಏನು ಬೆರೆಸಿದ್ದೀರಿ ಅಂದರೆ, ಅದು ವ್ಯಾಪಾರದ ಗುಟ್ಟು ಅಂದರು. ಇವರೇ ಸೋಸಿ ಹುಡುಕಿದರು. ಅದು ನೊನೈಲ್‌ಫಿನಾಲ್ ಎಂಬ ರಾಸಾಯನಿಕವೆಂದು 1991ರಲ್ಲಿ ಪ್ರಕಟಿಸಿದರು.

ವಿಷ ಅಂದರೆ ಕೊಲ್ಲುವಂಥದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಇದು ಕೋಶಗಳನ್ನು ಕೊಲ್ಲಲಿಲ್ಲ, ಬೆಳೆಸಿತು.

ಹೇಗೆ? ಈಸ್ಟ್ರೋಜನ್ನಿನ ಒಂದು ತುದಿಯಲ್ಲಿ ಫಿನಾಲ್ ಎಂಬ ಕಾರ್ಬನ್ ಉಂಗುರವಿದೆ. ಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಪ್ರೋಟೀನಿನೊಳಗೆ ಜಿಡ್ಡನ್ನು ಇಷ್ಟಪಡುವ ಒಂದು ಪೊಟರೆ. ಅಲ್ಲಿನ ಅಮೈನೋ ಆಮ್ಲಗಳು ಆ ಉಂಗುರವನ್ನು ಹಿಡಿದುಕೊಳ್ಳುತ್ತವೆ. ನೊನೈಲ್‌ಫಿನಾಲ್‌ಗೂ ಅದೇ ಉಂಗುರ, ಜೊತೆಗೆ ಜಿಡ್ಡಿನ ಬಾಲ. ಅಷ್ಟು ಸಾಕು. ಅಣು ಒಳಗೆ ಕೂತರೆ ಪ್ರೋಟೀನಿನ 12ನೇ ಸುರುಳಿ ಮಡಚಿಕೊಂಡು ಪೊಟರೆಯ ಬಾಯಿ ಮುಚ್ಚುತ್ತದೆ. ಆ ಮಡಿಕೆಯಿಂದ ಪ್ರೋಟೀನಿನ ಹೊರಮೈಯಲ್ಲಿ ಹೊಸದೊಂದು ಜಾಗ ಮೂಡುತ್ತದೆ. ಸಹಾಯಕ ಪ್ರೋಟೀನುಗಳು ಬಂದು ಅಲ್ಲಿಗೆ ಅಂಟಿಕೊಳ್ಳುತ್ತವೆ, ಜೀನ್ ಚಾಲೂ ಆಗುತ್ತದೆ. ಅಣು ಅಂಡಾಶಯದ್ದೋ ಫ್ಯಾಕ್ಟರಿಯದ್ದೋ ಎಂದು ವಿಚಾರಿಸುವವರು ಅಲ್ಲಿ ಯಾರೂ ಇಲ್ಲ. ಸೋಯಾದಲ್ಲಿರುವ ಜೆನಿಸ್ಟೀನ್ ಕೂಡ ಅಲ್ಲೇ ಕೂರುತ್ತದೆ. ಹಾಗಾಗಿ 'ನೈಸರ್ಗಿಕ' ಅಂದಾಕ್ಷಣ ನೆಮ್ಮದಿ ಪಡಬೇಕಿಲ್ಲ. ಡಿಟಾಕ್ಸ್ ಜ್ಯೂಸ್ ಮಾರುವವರಿಗೆ ಇದು ಹಿಡಿಸಲಿಕ್ಕಿಲ್ಲ.

ಡಿಡಿಇಯದು ಇನ್ನೊಂದು ಬಗೆ. ಡಿಡಿಟಿ ಎಂಬ ಕೀಟನಾಶಕ ಒಡೆದು ಹುಟ್ಟುವ ಇದು ಗಂಡು ಹಾರ್ಮೋನಿನ ರಿಸೆಪ್ಟರ್‌ನಲ್ಲಿ ಕೂರುತ್ತದೆ, ಆದರೆ ಕೆಲಸ ಶುರು ಮಾಡಿಸುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದ ಹಾಗೆ. ಟೆಸ್ಟೋಸ್ಟಿರಾನ್ ಸುಮ್ನೆ ನಿಂತಿರಬೇಕು. 1995ರಲ್ಲಿ ಇದು ಇಲಿಗಳಲ್ಲಿ ರುಜುವಾತಾಯಿತು. ಅಷ್ಟರಲ್ಲಿ ಫ್ಲಾರಿಡಾದ ಅಪಾಪ್ಕಾ ಸರೋವರದಲ್ಲಿ ಗಂಡು ಮೊಸಳೆಮರಿಗಳ ಜನನಾಂಗ ಚಿಕ್ಕದಾಗಿರುವುದನ್ನು ಜೀವವಿಜ್ಞಾನಿ ಲೂಯಿ ಗಿಲೆಟ್ ಗಮನಿಸಿದ್ದರು. 1980ರಲ್ಲಿ ಅಲ್ಲಿಗೆ ಡಿಡಿಟಿ ಬೆರೆತ ಕೀಟನಾಶಕ ಸೋರಿತ್ತು.

ಈ ನಕಲಿಗಳು ಅಸಲಿಗಿಂತ ಸಾವಿರಾರು ಪಟ್ಟು ದುರ್ಬಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹೆಚ್ಚಿನವುಗಳ ಮಟ್ಟಿಗೆ ಮಾತು ನಿಜ. ಆದರೆ ಇಂಥವು ಹತ್ತಾರು ಒಟ್ಟಿಗೇ ಮೈಸೇರಿದರೆ ಪರಿಣಾಮ ಕೂಡುತ್ತಾ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ಸಮಯ. ಗರ್ಭದಲ್ಲಿ ಅಂಗಗಳು ರೂಪುಗೊಳ್ಳುವ ಕೆಲವೇ ವಾರಗಳಲ್ಲಿ ಆದ ಏರುಪೇರು ಆಮೇಲೆ ಸರಿಹೋಗುವುದಿಲ್ಲ. ಗರ್ಭ ನಿಲ್ಲಲಿ ಎಂದು ವೈದ್ಯರು ಕೊಟ್ಟ ಕೃತಕ ಈಸ್ಟ್ರೋಜನ್ ಡಿಇಎಸ್‌ನ ಫಲವಾಗಿ, ಆ ಬಸಿರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಬರುವುದು 1971ರಲ್ಲಿ ಬಯಲಾಯಿತು. ಮಾತ್ರೆ ನುಂಗಿದವರು ತಾಯಂದಿರು.

ಪ್ಲಾಸ್ಟಿಕ್ಕಿನಲ್ಲೂ ಅಂಗಡಿ ಬಿಲ್ಲಿನ ಕಾಗದದಲ್ಲೂ ಬಳಸುತ್ತಿದ್ದ ಇಂಥದ್ದೇ ರಾಸಾಯನಿಕ ಬಿಪಿಎ ಬಗ್ಗೆ ಗದ್ದಲವಾದ ಮೇಲೆ, ಬಿಲ್ಲಿನ ಕಾಗದಕ್ಕೆ ಅದರ ಬದಲು ಬಿಪಿಎಸ್ ಬಂತು. ಅದಕ್ಕೂ ಎರಡು ಫಿನಾಲ್ ಉಂಗುರಗಳಿವೆ, ಅದೂ ಈಸ್ಟ್ರೋಜನ್ ರಿಸೆಪ್ಟರ್‌ಗೇ ಅಂಟುತ್ತದೆ.