ಟಿ-ಸ್ಕೋರ್: ಯಾರ ಎಲುಬಿಗೆ ಹೋಲಿಸಿ ಬಂದ ಅಂಕ?

ಎಲುಬಿನ ತಪಾಸಣೆಯ ವರದಿ ಕೈಗೆ ಬಂದರೆ ಎಲ್ಲರ ಕಣ್ಣು ಹೋಗುವುದು ಒಂದೇ ಕಡೆ. ಹಸಿರು, ಹಳದಿ, ಕೆಂಪು ಪಟ್ಟಿಗಳ ನಡುವೆ ಒಂದು ಚುಕ್ಕೆ, ಅದರ ಪಕ್ಕ ಮೈನಸ್ ಚಿಹ್ನೆ ಹೊತ್ತ ಒಂದು ಸಂಖ್ಯೆ. ಅದೇ ಟಿ-ಸ್ಕೋರ್. ಕುಮಟಾದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಆ ಕಾಗದ ಹಿಡಿದುಕೊಂಡು ಬಂದವರೇ, “ಸೊನ್ನೆಗಿಂತ ಕೆಳಗೆ ಹೋಗಿದ್ಯಂತೆ ಮಾರಾಯ್ತಿ, ಇನ್ನು ಎಲುಬು ಅಂತ ಉಳಿದದ್ದಾದ್ರೂ ಏನು?” ಅಂದರು. ಸೊನ್ನೆಯೆಂದರೆ ಎಲುಬೇ ಖಾಲಿ ಎಂದು ಅವರ ಲೆಕ್ಕ. ಇಲ್ಲಿ ಸೊನ್ನೆ ಎಂದು ಹೆಸರಿಟ್ಟಿರುವುದು ಆರೋಗ್ಯವಂತ ಯುವತಿಯರ ಒಂದು ಗುಂಪಿನ ಸರಾಸರಿಗೆ. ಅಲ್ಲಿಂದ ನೀವೆಷ್ಟು ಮೇಲಿದ್ದೀರಿ, ಎಷ್ಟು ಕೆಳಗಿದ್ದೀರಿ ಎಂಬುದೇ ಅಂಕ. ಅರವತ್ತು ದಾಟಿದ ಬಹುತೇಕ ಹೆಂಗಸರಿಗೆ ಮೈನಸ್ಸೇ ಬರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಡೆಕ್ಸಾ ಎಂಬ ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ಸೊಂಟ ಮತ್ತು ಬೆನ್ನುಮೂಳೆಯ ಮೂಲಕ ಹಾಯಿಸುತ್ತದೆ. ಎಷ್ಟು ಕಿರಣ ಒಳಗೇ ತಡೆದು ನಿಂತಿತು ಎನ್ನುವುದರ ಮೇಲೆ ಎಲುಬಿನ ಖನಿಜಾಂಶದ ಅಂದಾಜು ಸಿಗುತ್ತದೆ. ಎರಡು ಶಕ್ತಿ ಬೇಕಾಗುವುದು ಮಾಂಸ, ಕೊಬ್ಬು ತಡೆದ ಪಾಲನ್ನು ಕಳೆಯಲು. ಉತ್ತರ ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು ಬರುತ್ತದೆ, ಅದೇ ಎಲುಬಿನ ಸಾಂದ್ರತೆ. ತೊಡೆಮೂಳೆಯ ಕತ್ತಿನ ಭಾಗಕ್ಕೆ ಬಳಸುವ ಮಾನದಂಡದಲ್ಲಿ ಸರಾಸರಿ 0.858. ಆ ಗುಂಪಿನೊಳಗಿನ ಏರಿಳಿತದ ಅಳತೆ, ಸಂಖ್ಯಾಶಾಸ್ತ್ರದವರ ಸ್ಟ್ಯಾಂಡರ್ಡ್ ಡೀವಿಯೇಶನ್, 0.120. ನಿಮ್ಮದು 0.620 ಬಂತೆನ್ನಿ. ಸರಾಸರಿಗಿಂತ 0.238 ಕಡಿಮೆಯಾಯಿತು. ಅದನ್ನು 0.120ರಿಂದ ಭಾಗಿಸಿದರೆ ಹತ್ತಿರ ಹತ್ತಿರ −2.0.

ಇನ್ನು ಗೆರೆಗಳು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 1994ರ ವರದಿಯಲ್ಲಿ ಹೀಗೆ ಹಾಕಿತು: −1ರವರೆಗೆ ಸಹಜ, −1ಕ್ಕೂ −2.5ಕ್ಕೂ ನಡುವೆ ಆಸ್ಟಿಯೋಪೀನಿಯಾ (ಸಾಂದ್ರತೆ ತುಸು ಕಡಿಮೆ), −2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸುಲಭಕ್ಕೆ ಮುರಿಯುವಷ್ಟು ಸಾಂದ್ರತೆ ಇಳಿದ ಕಾಯಿಲೆ. ಎರಡೂವರೆಯೇ ಏಕೆ ಎಂದು ನಾವು ಕೇಳುವುದಿಲ್ಲ, ಕೇಳಬೇಕು. ಮುಟ್ಟು ನಿಂತ ಬಿಳಿಯ ಹೆಂಗಸರಲ್ಲಿ ಶೇ 30ರಷ್ಟು ಮಂದಿ ಆ ಗೆರೆಯ ಕೆಳಗೆ ಬರುತ್ತಿದ್ದರು. ಜೀವಮಾನದಲ್ಲಿ ಸೊಂಟ, ಬೆನ್ನುಮೂಳೆ ಅಥವಾ ಮುಂಗೈ ಮುರಿದುಕೊಳ್ಳುವವರ ಪ್ರಮಾಣಕ್ಕೆ ಅದು ಸರಿಸುಮಾರು ತಾಳೆಯಾಗುತ್ತಿತ್ತು. ಒಂದು ದೇಶದಲ್ಲಿ ಈ ತೊಂದರೆ ಎಷ್ಟು ಮಂದಿಗಿದೆ ಎಂದು ಎಣಿಸಲು ಎಳೆದ ಗೆರೆ, ಬರಬರುತ್ತಾ ಒಬ್ಬೊಬ್ಬರ ಚೀಟಿಯ ಮೇಲೂ ಬಂದು ಕೂತಿತು. −2.4ರವಳು ರೋಗಿಯಲ್ಲ, −2.6ರವಳು ರೋಗಿ ಎಂದು ಎಲುಬಿಗೇನೂ ಗೊತ್ತಿರುವುದಿಲ್ಲ.

ಆ 0.858 ಯಾರದ್ದು? ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ಎನ್‌ಹೇನ್ಸ್ ಎಂಬ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅಳೆದ, 20ರಿಂದ 29 ವರ್ಷದ ಬಿಳಿಯ ಯುವತಿಯರದ್ದು. ಅಂಕೋಲೆಯಲ್ಲಿ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗುವ ಅರವತ್ತೈದರ ಅಜ್ಜಿಯನ್ನೂ, ಸಿರ್ಸಿಯ ತೋಟದ ಮನೆಯ ಅತ್ತೆಯನ್ನೂ ಹೋಲಿಸುವುದು ಅವರ ಜತೆಗೆ. ಗಂಡಸರಿಗೂ ಇದೇ ಗುಂಪನ್ನು ಬಳಸಿ ಎಂದು ಅಂತರರಾಷ್ಟ್ರೀಯ ಸಲಹೆಯಿದೆ. ನಗು ಬರಬಹುದು, ಒಂದೇ ಅಳತೆಗೋಲಿದ್ದರೆ ಊರಿಂದ ಊರಿಗೆ ಅಂಕ ಹೋಲಿಸಬಹುದು ಎನ್ನುವುದು ಅದರ ಹಿಂದಿನ ತರ್ಕ.

ತೊಡಕು ಬರುವುದು ಎಲುಬಿನ ಗಾತ್ರದಲ್ಲಿ. ಒಂದೇ ಕ್ವಾರಿಯಲ್ಲಿ ಕಡಿದ ಎರಡು ಚಿರೇಕಲ್ಲು ಇಟ್ಟುಕೊಳ್ಳಿ, ಒಂದು ಆರಿಂಚು ದಪ್ಪ, ಇನ್ನೊಂದು ಒಂಬತ್ತು. ಕಲ್ಲು ಅದೇ ಕಲ್ಲು. ಆದರೆ ಮೇಲಿನಿಂದ ಕಿರಣ ಬಿಟ್ಟರೆ ಒಂಬತ್ತಿಂಚಿನದು ಹೆಚ್ಚು ತಡೆಯುತ್ತದೆ. ಡೆಕ್ಸಾ ಅಳೆಯುವುದು ನೆರಳನ್ನು, ದಪ್ಪ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಸಣ್ಣ ಮೈಕಟ್ಟಿನವರ ಅಂಕ ಒಂದಿಷ್ಟು ಸುಮ್ಮನೇ ಇಳಿಯುತ್ತದೆ. ಸಣ್ಣ ಎಲುಬು ಬೇಗ ಮುರಿಯುವುದೂ ಸುಳ್ಳಲ್ಲ, ಆದ್ದರಿಂದ ಪೂರ್ತಿ ವಿನಾಯಿತಿ ಕೊಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಭಾರತೀಯರದ್ದೇ ಮಾನದಂಡ ಪ್ರಕಟಿಸಿತು. ಅದಕ್ಕೆ ಹೋಲಿಸಿದರೆ ಆಸ್ಟಿಯೋಪೊರೋಸಿಸ್ ಎಂಬ ಹಣೆಪಟ್ಟಿ ಬೀಳುವವರ ಸಂಖ್ಯೆ ಕಡಿಮೆಯಾಗುತ್ತದೆ. ನನಗೆ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಡ ಹೆಂಗಸರ ಎಲುಬು ಅಳೆದಾಗ, ನಡುವಯಸ್ಸಿನಲ್ಲೇ ಸಾಂದ್ರತೆ ಕೆಳಗಿತ್ತು, ಊಟದಲ್ಲಿ ಕ್ಯಾಲ್ಸಿಯಂ ಸಾಲದಾಗಿತ್ತು. ಹೊಟ್ಟೆಗೆ ಸಾಲದೆ ಇಳಿದ ಸರಾಸರಿಯನ್ನೇ ಸಹಜ ಎಂದು ಕರೆದುಬಿಟ್ಟರೆ ಕೊರತೆ ಕಾಗದದ ಮೇಲೆ ಮಾಯವಾಗುತ್ತದೆ, ಎಲುಬಿನಲ್ಲಿ ಹಾಗೇ ಉಳಿಯುತ್ತದೆ.

ಬರೀ ಹೋಲಿಕೆಯ ಅಂಕಕ್ಕೆ ರೋಗದ ಅರ್ಥ ಬಂದದ್ದು ಸಾವಿರಾರು ಜನರ ಬೆನ್ನುಹತ್ತಿದ ಅಧ್ಯಯನಗಳಿಂದ. ಒಂದನ್ನು ಹತ್ತಿರದಿಂದ ನೋಡೋಣ. ಅಮೆರಿಕದ ನಾಲ್ಕು ಕಡೆ 1986ರಿಂದ 1988ರ ನಡುವೆ 65 ದಾಟಿದ 9,704 ಹೆಂಗಸರನ್ನು ಸೇರಿಸಿಕೊಂಡು ಎಲುಬು ಅಳೆದರು. ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಅವರಿಂದ ಅಂಚೆ ಕಾರ್ಡು ತರಿಸಿಕೊಂಡರು: ಬಿದ್ದಿರಾ, ಏನಾದರೂ ಮುರಿಯಿತೇ ಎಂದು. ಕಾರ್ಡು ಬಾರದಿದ್ದರೆ ಫೋನು. ಮುರಿದಿದೆ ಎಂದರೆ ಎಕ್ಸ್-ರೇ ವರದಿ ನೋಡಿ ಖಚಿತಪಡಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ನಡೆದ ಈ ಕೆಲಸದಿಂದ, ಮತ್ತು ಇಂಥ ಇತರ ಅಧ್ಯಯನಗಳನ್ನು ಒಟ್ಟುಗೂಡಿಸಿದ 1996ರ ವಿಶ್ಲೇಷಣೆಯಿಂದ ತಿಳಿದದ್ದು: ಸೊಂಟದ ಅಂಕ ಒಂದು ಮೆಟ್ಟಿಲು, ಅಂದರೆ ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್, ಇಳಿದರೆ ಸೊಂಟ ಮುರಿಯುವ ಅಪಾಯ ಸುಮಾರು 2.6 ಪಟ್ಟು. ಅದೇ ವಿಶ್ಲೇಷಣೆ ಇನ್ನೊಂದು ಮಾತನ್ನೂ ಹೇಳಿತ್ತು. ಗುಂಪಿನ ಅಪಾಯ ಹೇಳಬಹುದು, ಆ ಗುಂಪಿನಲ್ಲಿ ಯಾರದ್ದು ಮುರಿಯುತ್ತದೆ ಎಂದು ಗುರುತಿಸಲಾಗದು. ನೆದರ್ಲೆಂಡ್ಸಿನ ರಾಟರ್‌ಡ್ಯಾಂ ಅಧ್ಯಯನದಲ್ಲಿ ಬೆನ್ನುಮೂಳೆ ಬಿಟ್ಟು ಬೇರೆಡೆ ಎಲುಬು ಮುರಿದ ಹೆಂಗಸರ ಪೈಕಿ −2.5ಕ್ಕಿಂತ ಕೆಳಗಿದ್ದವರು ಶೇ 44, ಗಂಡಸರಲ್ಲಿ ಶೇ 21 ಮಾತ್ರ. ಮಿಕ್ಕವರೆಲ್ಲ ಹಳದಿ, ಹಸಿರು ಪಟ್ಟಿಯವರು.

ಈ ಅಧ್ಯಯನಗಳು ಎಲುಬನ್ನು ದಾಟಿ ಬೇರೆ ಕಾಯಿಲೆಗಳತ್ತಲೂ ಹೋದವು, ಅಲ್ಲೇ ವಿಷಯ ರಂಗೇರುವುದು. ಎಲುಬು ಗಟ್ಟಿ ಇದ್ದರೆ ಎಲ್ಲವೂ ಒಳ್ಳೆಯದೇ ಎಂದುಕೊಳ್ಳುತ್ತೇವಲ್ಲ? ಸಾಂದ್ರತೆ ಹೆಚ್ಚಿದ್ದ ಹಿರಿಯ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು. 1996ರಲ್ಲಿ ಈ ಅಂಚೆ ಕಾರ್ಡಿನ ಅಧ್ಯಯನದಿಂದ, 1997ರಲ್ಲಿ ಅಮೆರಿಕದ್ದೇ ಫ್ರೇಮಿಂಗ್‌ಹ್ಯಾಂ ಅಧ್ಯಯನದಿಂದ ಇದೇ ಸುದ್ದಿ. ಗಟ್ಟಿ ಎಲುಬು ಕ್ಯಾನ್ಸರ್ ತರುತ್ತದೆ ಎಂದು ಯಾರೂ ಹೇಳಲಿಲ್ಲ. ಆಯುಷ್ಯದುದ್ದಕ್ಕೂ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ಹೆಚ್ಚು ದೊರೆತವರಿಗೆ ಎಲುಬೂ ಗಟ್ಟಿ, ಸ್ತನದ ಅಪಾಯವೂ ಹೆಚ್ಚು ಎನ್ನುವುದು ಒಪ್ಪಿತವಾದ ವಿವರಣೆ. ಇತ್ತ ಸಾಂದ್ರತೆ ಕಡಿಮೆ ಇದ್ದವರಲ್ಲಿ ಪಾರ್ಶ್ವವಾಯುವಿನ ಸಾವು ಹೆಚ್ಚು ಎಂದು 1991ರಲ್ಲೇ ವರದಿಯಾಗಿತ್ತು. ಅಲ್ಲಿಯೂ ಒಂದು ಇನ್ನೊಂದಕ್ಕೆ ಕಾರಣ ಎನ್ನುವುದಕ್ಕಿಂತ ಎರಡಕ್ಕೂ ಹಿಂದೆ ನಿಂತ ಮೂರನೆಯದನ್ನು ಹುಡುಕಬೇಕು. ವಯಸ್ಸು, ಬೀಡಿ-ಸಿಗರೇಟು, ನಡೆದಾಟ ನಿಂತದ್ದು, ಹೀಗೆ. ಸಕ್ಕರೆ ಕಾಯಿಲೆಯಂತೂ ಟಿ-ಸ್ಕೋರಿಗೇ ಮೋಸ ಮಾಡುತ್ತದೆ. ಟೈಪ್ 2ರವರ ಸಾಂದ್ರತೆ ಸಹಜ, ಕೆಲವೊಮ್ಮೆ ಜಾಸ್ತಿಯೇ. ಆದರೂ ಎಲುಬು ಮುರಿಯುವುದು ಹೆಚ್ಚು. ಎಲುಬಿನ ಗುಣಮಟ್ಟ ಕೆಡುವುದು ಡೆಕ್ಸಾದ ನೆರಳಿನಲ್ಲಿ ಕಾಣುವುದಿಲ್ಲ, ಕಣ್ಣು-ಕಾಲಿನ ನರ ಸೋತು ಬೀಳುವುದೂ ಕಾಣುವುದಿಲ್ಲ. ಮನೆಗೊಬ್ಬರಂತೆ ಸಕ್ಕರೆಯವರಿರುವ ಈ ಕಾಲದಲ್ಲಿ ಹಸಿರು ಪಟ್ಟಿಯ ವರದಿಯನ್ನು ನಂಬಿ ಕೂರುವುದು ಬೇಡ.

ನಮ್ಮ ಕಡೆ ಹೆಚ್ಚು ಮಂದಿಗೆ ಟಿ-ಸ್ಕೋರಿನ ಪರಿಚಯ ಆಗುವುದು ಡೆಕ್ಸಾದಿಂದಲ್ಲ. ಉಚಿತ ತಪಾಸಣೆ ಶಿಬಿರದಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ, ಪುಟ್ಟ ಪೆಟ್ಟಿಗೆಯೊಳಗೆ ಕಾಲಿಡಿಸಿ, ಎರಡೇ ನಿಮಿಷದಲ್ಲಿ ಚೀಟಿ ಕೊಡುತ್ತಾರಲ್ಲ, ಅದು ಶಬ್ದತರಂಗದ ಯಂತ್ರ. ಅದೂ ಟಿ-ಸ್ಕೋರ್ ಎಂದೇ ಮುದ್ರಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ −2.5ರ ಗೆರೆ ಆ ಅಂಕಕ್ಕೆ ಅನ್ವಯವಾಗುವುದಿಲ್ಲ. ಆ ಚೀಟಿಯಿಂದ ಡೆಕ್ಸಾ ಮಾಡಿಸಬೇಕೇ ಎಂದು ಯೋಚಿಸಬಹುದು, ಔಷಧಿ ಶುರು ಮಾಡುವಂತಿಲ್ಲ. ಪಕ್ಕದ ಮನೆಯ ಅಕ್ಕನ ಕೈಯಲ್ಲಿದ್ದದ್ದೂ ಇಂಥದ್ದೇ ಚೀಟಿ, ಜತೆಗೆ ಮೂರು ತಿಂಗಳ ಕ್ಯಾಲ್ಸಿಯಂ ಗುಳಿಗೆಯ ಪಟ್ಟಿ. ಮಂಡಿನೋವಿಗೆ ಹೋದವರಿಗೆ ಇದನ್ನು ಕೊಟ್ಟು ಕಳಿಸುವುದಂತೂ ನನಗೆ ಅರ್ಥವಾಗಿಲ್ಲ. ಮಂಡಿಯ ಕೀಲು ಸವೆಯುವುದು ಬೇರೆ ಕಾಯಿಲೆ, ಸಾಂದ್ರತೆ ಇಳಿದ ಎಲುಬು ಮುರಿಯುವವರೆಗೂ ನೋಯುವುದಿಲ್ಲ.

ಗುಳಿಗೆಯ ಮಾತು ಬಂತು. ಅಮೆರಿಕದಲ್ಲಿ 36,282 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದವರ ಸೊಂಟದ ಸಾಂದ್ರತೆ ಶೇ 1ರಷ್ಟು ಹೆಚ್ಚಿತ್ತು, ಸೊಂಟ ಮುರಿತದಲ್ಲಿ ಖಚಿತ ಇಳಿಕೆ ಸಿಗಲಿಲ್ಲ, ಮೂತ್ರಪಿಂಡದ ಕಲ್ಲು ಶೇ 17ರಷ್ಟು ಹೆಚ್ಚಾಯಿತು. ಆ ಹೆಂಗಸರ ಊಟದಲ್ಲಿ ಮೊದಲೇ ಕ್ಯಾಲ್ಸಿಯಂ ಸಾಕಷ್ಟಿತ್ತು ಎನ್ನುವುದನ್ನು ಮರೆಯಬಾರದು. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡುವವರಿಗೆ ರಾಗಿ, ಮಜ್ಜಿಗೆ, ಎಲುಬು ಸಮೇತ ಅಗಿಯುವ ಸಣ್ಣ ಮೀನು ಖಂಡಿತ ಬೇಕು. ಕವಳದ ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆಯಲ್ಲ ಎಂದು ವಾದಿಸುವ ಹಿರಿಯರು ಸಿರ್ಸಿ ಕಡೆ ಸಿಗುತ್ತಾರೆ. ಸುಣ್ಣದ ಜತೆ ಹೋಗುವ ಅಡಿಕೆ, ತಂಬಾಕು ಎರಡೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿವೆ.

ಮುರಿಯಲು ಬೀಳಬೇಕು ಎನ್ನುವುದು ಅಂಕದ ಗಡಿಬಿಡಿಯಲ್ಲಿ ಹಿಂದೆ ಬೀಳುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು ಯಾವ ಟಿ-ಸ್ಕೋರಿನವರಿಗೂ ಸಲ್ಲುತ್ತದೆ. 2008ರಲ್ಲಿ ಬಂದ ಫ್ರಾಕ್ಸ್ ಎಂಬ ಲೆಕ್ಕದಲ್ಲಿ ವಯಸ್ಸು, ಹಿಂದೆ ಮುರಿದದ್ದು, ಅಪ್ಪ-ಅಮ್ಮನ ಸೊಂಟ ಮುರಿದದ್ದು, ಸ್ಟೀರಾಯ್ಡ್ ಔಷಧಿ, ತಂಬಾಕಿನ ಹೊಗೆ ಎಲ್ಲ ಸೇರಿಸಿ ಮುಂದಿನ ಹತ್ತು ವರ್ಷದ ಅಪಾಯ ಹೇಳುತ್ತಾರೆ. ಸಾಂದ್ರತೆ ಅದರಲ್ಲಿ ಒಂದು ಅಂಶ ಮಾತ್ರ. ಮುಟ್ಟು ನಿಲ್ಲದ ಹೆಂಗಸರಿಗೆ, ಐವತ್ತರೊಳಗಿನ ಗಂಡಸರಿಗೆ ನೋಡಬೇಕಾದದ್ದು ಪಕ್ಕದಲ್ಲೇ ಇರುವ ಝಡ್-ಸ್ಕೋರ್, ಅಂದರೆ ಅವರದೇ ವಯಸ್ಸಿನವರ ಜತೆಗಿನ ಹೋಲಿಕೆ.

ಮರುಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಒಮ್ಮೆ ಗೋವಾಕ್ಕೆ, ಇನ್ನೊಮ್ಮೆ ಮಣಿಪಾಲಕ್ಕೆ, ಮತ್ತೊಮ್ಮೆ ಹುಬ್ಬಳ್ಳಿಗೆ ಹೋಗುವುದು ರೂಢಿ. ಯಂತ್ರ ಬದಲಾದರೆ −2.3 ಇದ್ದದ್ದು −2.5 ಆಗಲು ಎಲುಬು ಕರಗಬೇಕಿಲ್ಲ. ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಿ, ಹಳೆಯ ವರದಿ ಒಯ್ಯಿರಿ, ಟಿ-ಸ್ಕೋರಿಗಿಂತ ಗ್ರಾಂ ಲೆಕ್ಕದ ಸಂಖ್ಯೆಯನ್ನು ಹೋಲಿಸಲು ಹೇಳಿ, ಯಾವ ಮಾನದಂಡ ಬಳಸಿದ್ದಾರೆ ಎಂದು ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನೂ ಓದಿಸಿಕೊಳ್ಳಿ.